ಒಂದೇ ಟ್ರ್ಯಾಕ್ಟರು, ಎರಡು ಮೂತಿ: ಬ್ಲೇಡೋ, ಸ್ನೋ ಬ್ಲೋವರೋ?

ಮೊದಲ ಚಳಿಗಾಲದ ಫೆಬ್ರವರಿ ಹೊತ್ತಿಗೆ, ರಸ್ತೆಯಿಂದ ಮನೆಗೆ ಬರುವ ನಮ್ಮ ಡ್ರೈವ್‌ವೇಯಲ್ಲಿ ಒಂದು ಕಾರು ಹೋಗುವಷ್ಟು ಜಾಗ ಮಾತ್ರ ಉಳಿದಿತ್ತು. ಡಿಸೆಂಬರ್‌ನಲ್ಲಿ ಅಲ್ಲಿ ಎರಡು ಕಾರು ಅಕ್ಕಪಕ್ಕ ನಿಲ್ಲುತ್ತಿದ್ದವು. ಎರಡೂ ಬದಿಗೆ ಎದೆಮಟ್ಟದ ಸ್ನೋ ಗೋಡೆ. ಕಟ್ಟಿದವನು ನಾನೇ, ಟ್ರ್ಯಾಕ್ಟರಿನ ಮುಂದೆ ಸಿಕ್ಕಿಸಿದ ನಾಲ್ಕಡಿ ಬ್ಲೇಡಿನಿಂದ.

ನಾವಿರುವುದು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಹತ್ತಿರ. ಒಂಟಾರಿಯೊ ಸರೋವರ ಚಳಿಗಾಲದಲ್ಲೂ ಪೂರ್ತಿ ಹೆಪ್ಪುಗಟ್ಟುವುದು ಅಪರೂಪ. ಅದರ ಮೇಲೆ ಹಾದುಬರುವ ಕೊರೆಯುವ ಗಾಳಿ ತೇವ ಹೀರಿಕೊಂಡು ಬಂದು ನಮ್ಮ ನೆತ್ತಿಯ ಮೇಲೆ ಸ್ನೋ ಸುರಿಯುತ್ತದೆ. ವರ್ಷಕ್ಕೆ ಸರಾಸರಿ ಹತ್ತು ಅಡಿ! 1992-93ರ ಚಳಿಗಾಲದಲ್ಲಿ 192 ಇಂಚು ಬಿದ್ದಿತ್ತು. ಆಗುಂಬೆ ಕಡೆಯವರು ಮಳೆ ಲೆಕ್ಕ ಹೇಳುವ ಹಾಗೆ ಇಲ್ಲಿಯವರು ಆ ಲೆಕ್ಕ ಹೇಳುತ್ತಾರೆ. ನಮ್ಮ ಡ್ರೈವ್‌ವೇ ಸುಮಾರು 200 ಅಡಿ ಉದ್ದ, ಜಲ್ಲಿ ಹಾಸಿದ್ದು. ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ ಗಾರ್ಡನ್ ಟ್ರ್ಯಾಕ್ಟರ್ ಹೇಗೂ ಇತ್ತು. ಸ್ನೋ ತೆಗೆಯಲು ಅದಕ್ಕೊಂದು ಮೂತಿ ಬೇಕಿತ್ತು, ಅಷ್ಟೇ.

ಮೊದಲು ಬ್ಲೇಡ್ ತಂದೆ, ಅಗ್ಗ ಅಂತ. ಗದ್ದೆ ಮಟ್ಟ ಮಾಡುವ ಹಲಗೆಯನ್ನು ಕಬ್ಬಿಣದಲ್ಲಿ ಮಾಡಿ ಮುಂದೆ ಕಟ್ಟಿದ ಹಾಗಿರುತ್ತದೆ. ಎಡಕ್ಕೋ ಬಲಕ್ಕೋ ಓರೆ ಮಾಡಿ ಹೊರಟರೆ ಸ್ನೋ ಪಕ್ಕಕ್ಕೆ ಉರುಳುತ್ತಾ ಹೋಗುತ್ತದೆ. ನಾಲ್ಕು ಇಂಚು ಬಿದ್ದಿದ್ದರೆ ಹದಿನೈದು ನಿಮಿಷದ ಕೆಲಸ. ಕಾಫಿ ಆರುವ ಮೊದಲೇ ವಾಪಸ್. ಕೆಟ್ಟುಹೋಗಲು ಅದರಲ್ಲಿ ಏನೂ ಇಲ್ಲ. ಅಡಿಗೆ ಕಲ್ಲೋ ಬೇರೋ ತಗುಲಿದರೆ ಸ್ಪ್ರಿಂಗ್ ಮೇಲೆ ಮುಂದಕ್ಕೆ ಬಾಗಿ, ಮತ್ತೆ ನೆಟ್ಟಗಾಗುತ್ತದೆ.

ಆದರೆ ಬ್ಲೇಡಿಗೆ ಬೇಕಾದದ್ದು ಇಂಜಿನ್ನಿನ ತಾಕತ್ತಿಗಿಂತ ಟೈರಿನ ಹಿಡಿತ. ಹಿಂದಿನ ಗಾಲಿಗೆ, ಜಾರದ ಹಾಗೆ ಟೈರಿಗೆ ಸುತ್ತುವ ಚೈನ್ ಇಲ್ಲದೆ ಮೊದಲ ದಿನ ನಿಂತಲ್ಲೇ ಗಾಲಿ ತಿರುಗಿಸಿ ನಾಲ್ಕು ಗುಂಡಿ ತೋಡಿದೆ. ಚೈನ್ ಹಾಕಿದೆ, ಗಾಲಿಗೆ ತೂಕ ಕಟ್ಟಿದೆ, ಸರಿಹೋಯಿತು. ಜಲ್ಲಿಯ ಕಥೆ ಬೇರೆ. ನೆಲ ಇನ್ನೂ ಗಟ್ಟಿಯಾಗಿರದ ನವೆಂಬರ್‌ನಲ್ಲಿ ತಳ್ಳಿದ ಜಲ್ಲಿಯನ್ನು ಏಪ್ರಿಲ್‌ನಲ್ಲಿ ಹುಲ್ಲಿನಿಂದ ಕೈಯಾರೆ ಆರಿಸಿದ್ದೇನೆ. ಬ್ಲೇಡಿನ ಅಡಿಯ ಕಾಲುಗಳನ್ನು ಇಳಿಸಿ, ಅಂಚನ್ನು ನೆಲದಿಂದ ಒಂದಿಂಚು ಮೇಲೆ ನಿಲ್ಲಿಸಬೇಕು ಅನ್ನೋದು ಆಮೇಲೆ ತಿಳಿಯಿತು.

ನನ್ನನ್ನು ಸೋಲಿಸಿದ್ದು ಜಾಗ. ಬ್ಲೇಡ್ ಸ್ನೋವನ್ನು ಬದಿಗೆ ಸರಿಸುತ್ತದೆ, ಅಷ್ಟೇ. ಬದಿಯ ರಾಶಿ ಹೆಪ್ಪುಗಟ್ಟಿ ಗೋಡೆಯಾದ ಮೇಲೆ ಹೊಸ ಸ್ನೋ ಎಲ್ಲಿಗೆ ಹೋಗಬೇಕು? ರಸ್ತೆಗೆ ತಳ್ಳೋಣ ಅಂದರೆ ಕಾನೂನು ಬಿಡುವುದಿಲ್ಲ.

ಎರಡನೇ ವರ್ಷ ಬ್ಲೋವರ್ ಬಂತು. ಬ್ಲೇಡಿನ ಮೂರು ಪಟ್ಟಿಗಿಂತ ಜಾಸ್ತಿ ದುಡ್ಡು. ಹೆಂಡತಿಗೆ ರೇಟು ಹೇಳಿದ್ದು ತಂದಾದ ಮೇಲೆ. ಮುಂದಿನ ತಿರುಪು ಸ್ನೋವನ್ನು ನಡುವಿಗೆ ಎಳೆದು ತರುತ್ತದೆ, ಹಿಂದಿನ ರೆಕ್ಕೆ ಅದನ್ನು ಕೊಳವೆಯಿಂದ ಮೇಲಕ್ಕೆ ಎಸೆಯುತ್ತದೆ. ಒಕ್ಕಣೆ ಮೆಷಿನ್ನಿಂದ ಹೊಟ್ಟು ಹಾರಿದ ಹಾಗೆ ಬೇಲಿಯಾಚೆ ಹೋಗಿ ಬೀಳುತ್ತದೆ. ಗೋಡೆ ಏಳುವುದೇ ಇಲ್ಲ. ಒಂದಡಿ ಬಿದ್ದ ಬೆಳಗ್ಗೆ ಬ್ಲೇಡ್ ಹಿಂದೆಮುಂದೆ ಗುದ್ದಾಡಿ ಗಂಟೆಗೂ ಹೆಚ್ಚು ತಿನ್ನುತ್ತಿತ್ತು. ಇದಕ್ಕೆ ಮುಕ್ಕಾಲು ಗಂಟೆ. ನಾಲ್ಕೇ ಇಂಚಾದರೆ ಮಾತ್ರ ಬ್ಲೇಡೇ ಗೆಲ್ಲುತ್ತದೆ. ಇಂಜಿನ್ ಪೂರ್ತಿ ಜೋರಾಗಿರಬೇಕು, ಗಾಡಿ ಆಮೆಯ ನಡೆಯಲ್ಲಿ ಹೋಗಬೇಕು. ಪೆಟ್ರೋಲ್ ಕೂಡ ಜಾಸ್ತಿ.

ಇದಕ್ಕೂ ಕಾಯಿಲೆಗಳಿವೆ. ಗಾಳಿ ಎದುರಿದ್ದರೆ ಎಸೆದದ್ದೆಲ್ಲ ಮುಖಕ್ಕೇ ವಾಪಸ್. ಮಾರ್ಚ್‌ನ ಒದ್ದೆ ಸ್ನೋ ಕೊಳವೆಯಲ್ಲಿ ಮುದ್ದೆ ಕಟ್ಟಿ ನಿಲ್ಲುತ್ತದೆ. ಆಗ ಇಂಜಿನ್ ಆರಿಸಿ, ಎಲ್ಲಾ ನಿಂತ ಮೇಲೆ ಕೋಲಿನಿಂದ ಕೆರೆಯಬೇಕು. ಕೈ ಹಾಕಲೇಬಾರದು, ಬೆರಳು ಹೋದವರಿದ್ದಾರೆ. ಒಮ್ಮೆ ಗೇಟಿನ ಬಳಿ ಟಕ್ ಅಂತ ಸದ್ದಾಗಿ ತಿರುಪು ನಿಂತೇಹೋಯಿತು. ರಸ್ತೆಯ ಸ್ನೋ ತಳ್ಳುವ ಪ್ಲೋ ಲಾರಿ ಬಿಟ್ಟುಹೋಗಿದ್ದ ಸ್ನೋ ದಿಂಡನ್ನು ಕೊರೆಯುತ್ತಿದ್ದೆ. ಬೆಲ್ಲದ ಅಚ್ಚಿನಷ್ಟು ಗಟ್ಟಿ. ಒಳಗೆ ಹೆಪ್ಪುಗಟ್ಟಿದ ಪೇಪರ್ ಕಟ್ಟು ಸಿಕ್ಕಿಕೊಂಡಿತ್ತು. ಗೇರ್‌ಬಾಕ್ಸ್ ಉಳಿಯಲಿ ಅಂತ ಬೇಕಂತಲೇ ಮುರಿಯುವ ಹಾಗೆ ಮಾಡಿದ ಶಿಯರ್ ಪಿನ್ ಮುರಿದಿತ್ತು. ಕತ್ತಲಲ್ಲಿ ಮಂಡಿಯೂರಿ, ಮರಗಟ್ಟಿದ ಬೆರಳಲ್ಲಿ ಹೊಸದನ್ನು ಹಾಕಲು ಇಪ್ಪತ್ತು ನಿಮಿಷ. ಅಂದಿನಿಂದ ಜಾಕೆಟ್ ಜೇಬಿನಲ್ಲಿ ಸದಾ ನಾಲ್ಕು ಪಿನ್.

ಎರಡೂ ಇಟ್ಟುಕೊಂಡು ದಿನಕ್ಕೊಂದು ಹಾಕಬಹುದಲ್ವಾ ಅಂತ ಕೇಳುತ್ತಾರೆ. ಬದಲಾಯಿಸಲು ತಣ್ಣನೆಯ ಗರಾಜ್ ನೆಲದ ಮೇಲೆ ಒಂದು ಗಂಟೆ ಒದ್ದಾಡಬೇಕು. ಬ್ಲೋವರ್ ಭಾರಕ್ಕೆ ಹಿಂಬದಿ ಹಗುರಾಗುತ್ತದೆ, ಅದಕ್ಕೂ ಹೆಚ್ಚುವರಿ ತೂಕ ಕಟ್ಟಬೇಕು.

ನಿಮ್ಮದು ಎರಡು ಕಾರಿನ ಉದ್ದದ ಕಾಂಕ್ರೀಟ್ ದಾರಿ, ಪಕ್ಕದಲ್ಲಿ ಖಾಲಿ ಹುಲ್ಲು ಇದೆ ಅಂದರೆ ಬ್ಲೇಡ್ ತಗೊಳ್ಳಿ. ಬ್ಲೋವರ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ನಮ್ಮಂಥ ಉದ್ದ ದಾರಿಗೆ, ಸರೋವರದ ಸ್ನೋಗೆ, ಒಂದೇ ಅಂದರೆ ನಾನು ಬ್ಲೋವರ್ ಆರಿಸುತ್ತೇನೆ. ನನ್ನ ಬ್ಲೇಡ್ ಈಗ ಗೋಡೆಗೆ ಒರಗಿದೆ. ಮಾರ್ಚ್ ಎರಡನೇ ವಾರ, ಮುದ್ದೆ ಕಟ್ಟುವ ಸ್ನೋ ಶುರುವಾದಾಗ ಅದನ್ನು ಹಾಕುತ್ತೇನೆ.