ಬೇರೆಯವರು ಕೂರಿಸಿದ ಗ್ರೈಂಡಿಂಗ್ ವೀಲ್ ನಂಬಿ ಸ್ವಿಚ್ ಹಾಕಬೇಡಿ

ಹರಳು ಕಲ್ಲು ಉಜ್ಜುವ ಹಳೆ ಮೆಷಿನ್ ತೆಗೆದುಕೊಳ್ಳುವವರಿಗೆ ಈ ಮಾತು. "ಎಲ್ಲ ಫಿಟ್ ಆಗಿದೆ, ಪ್ಲಗ್ ಹಾಕಿ ಕೆಲಸ ಶುರು ಮಾಡಿ" ಅಂತ ಮಾರುವವರು ಹೇಳಿದರೆ ಅಲ್ಲೇ ತಡೆಯಿರಿ. ವೀಲ್ ಬಿಚ್ಚಿಸಿ, ಕಣ್ಣಾರೆ ನೋಡಿ, ಮತ್ತೆ ಕೂರಿಸಿ. ಸ್ವಿಚ್ ಆಮೇಲೆ.

ನಾನು ತೆಗೆದುಕೊಂಡ ಮೆಷಿನ್‌ನಲ್ಲಿ ಎರಡು ವೀಲ್ ಇದ್ದವು. ಎಡಗಡೆ ಒರಟು, ಬಲಗಡೆ ನಯ. ಮಾರಿದವರ ಕಡೆಯ ಮೆಕ್ಯಾನಿಕ್ಕೇ ಬಂದರು. ಮೊದಲು ತೊಟ್ಟಿಗೆ ನೀರು ತುಂಬಿದರು, ಎಷ್ಟು ಅಂದರೆ ಒರಟು ವೀಲಿನ ತಳ ಮುಳುಗುವಷ್ಟು. ಆಮೇಲೆ ಬೆಲ್ಟ್ ಹಾಕುತ್ತಾ, ಸಡಿಲ ಮಾಡುತ್ತಾ, ಬಿಗಿ ಮಾಡುತ್ತಾ ತುಂಬ ಹೊತ್ತು ಕೂತರು. ಕೊನೆಗೆ ಸ್ವಿಚ್ ಒತ್ತಿದರೆ ಇಡೀ ಮೇಜು ಗಡಗಡ ನಡುಗಿತು. "ಸ್ವಲ್ಪ ಹೊತ್ತಿಗೆ ಸರಿ ಹೋಗುತ್ತೆ ಸರ್" ಅಂದರು, ಆ ಮಾತು ಮುಗಿಯುವ ಮೊದಲೇ ಢಮ್ ಅಂತ ಸದ್ದು, ಒರಟು ವೀಲ್ ಸಿಡಿದಿತ್ತು. ಒಂದು ತುಂಡು ಗಾರ್ಡಿನ ತಗಡನ್ನು ಹೊರಕ್ಕೆ ಉಬ್ಬಿಸಿ ಅಲ್ಲೇ ಸಿಕ್ಕಿಕೊಂಡಿತ್ತು. ಇನ್ನೊಂದು ಎದುರಿನ ಗೋಡೆಗೆ ಬಡಿದು ಗಾರೆ ಕಿತ್ತಿತ್ತು. ಇಬ್ಬರೂ ಪಕ್ಕಕ್ಕೆ ನಿಂತಿದ್ದೆವು, ಅದಕ್ಕೇ ಬಚಾವ್. ಕಲ್ಲು ಹಿಡಿದು ಎದುರಿಗೆ ಕೂತಿದ್ದರೆ ಇದನ್ನು ಬರೆಯೋಕೆ ನಾನು ಇರುತ್ತಿರಲಿಲ್ಲವೇನೋ.

ಮೋಟರ್ ನಿಂತ ಮೇಲೆ ನಟ್ ಬಿಚ್ಚಿಸಿದೆ. ಅಲ್ಲಿ ಕಂಡದ್ದನ್ನು ಕೇಳಿ.

ವೀಲಿನ ಎರಡೂ ಬದಿಗೆ ಇರಬೇಕಾದ ದಪ್ಪ ಕಾಗದದ ಬಿಲ್ಲೆಗಳೇ ಇರಲಿಲ್ಲ. ಹೊಸ ವೀಲಿಗೆ ಅಂಟಿಕೊಂಡೇ ಬರುತ್ತಲ್ಲ, ಅದನ್ನು ಬರೀ ಲೇಬಲ್ ಅಂದುಕೊಂಡು ಕಿತ್ತು ಹಾಕುವವರು ಬಹಳ ಜನ. ಆದರೆ ಫ್ಲ್ಯಾಂಜಿನ (ವೀಲನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಲೋಹದ ಬಿಲ್ಲೆ) ಒತ್ತಡ ಒಂದೇ ಕಡೆ ಕಚ್ಚದೆ ಸಮನಾಗಿ ಹರಡುವುದು ಆ ಕಾಗದದಿಂದಲೇ. ಅದು ಫ್ಲ್ಯಾಂಜಿಗಿಂತ ಸ್ವಲ್ಪ ಅಗಲ ಇರಬೇಕು. ಅದನ್ನು ಕಿತ್ತರೆ ಇನ್ನೊಂದು ನಷ್ಟ: ಎಷ್ಟು ಆರ್‌ಪಿಎಂವರೆಗೆ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತಿನವರೆಗೆ ಓಡಿಸಬಹುದು ಅಂತ ಬರೆದಿರುವುದೂ ಸಾಮಾನ್ಯವಾಗಿ ಅದರ ಮೇಲೇ.

ಫ್ಲ್ಯಾಂಜ್ ಎರಡೂ ಒಂದೇ ಅಳತೆಯವಲ್ಲ. ಒಳಗಿನದು ದೊಡ್ಡದು, ಹೊರಗಡೆ ಫ್ಲ್ಯಾಂಜೇ ಅಲ್ಲ, ಯಾವುದೋ ಚಿಕ್ಕ ವಾಷರ್. ನಟ್ ಬಿಗಿ ಮಾಡಿದಷ್ಟೂ ವೀಲಿನ ಮೈಯನ್ನು ಅದು ಬಾಗಿಸುತ್ತಲೇ ಹೋಗುತ್ತದೆ. ಎರಡರ ವ್ಯಾಸವೂ ಒಂದೇ ಇರಬೇಕು, ಅದು ವೀಲಿನ ವ್ಯಾಸದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರಬಾರದು. ಸಾಲದ್ದಕ್ಕೆ ತೂತಿನೊಳಗಿನ ಪ್ಲಾಸ್ಟಿಕ್ ಬುಷ್ (ತೂತನ್ನು ಶಾಫ್ಟಿನ ಅಳತೆಗೆ ಹೊಂದಿಸುವ ಬಳೆ) ವೀಲಿಗಿಂತ ಹೊರಗೆ ಚಾಚಿಕೊಂಡಿತ್ತು. ಅಂದರೆ ನಟ್ ಒತ್ತುತ್ತಿದ್ದದ್ದು ಬುಷ್ಷನ್ನು, ವೀಲನ್ನಲ್ಲ. ಬುಷ್ ಜಗ್ಗಿದ ಮೇಲೆ ಮತ್ತೆ ಸ್ಪ್ಯಾನರ್‌ನಲ್ಲಿ ಎಳೆದು ಎಳೆದು ಬಿಗಿ ಮಾಡಿದ್ದರು. ವೀಲ್ ಜಾರದಷ್ಟು ಬಿಗಿಯಾದರೆ ಸಾಕು, ಇದು ಲಾರಿ ಟೈರ್ ಅಲ್ಲ.

ನೀರಿನ ವಿಷಯ. ಇಂಥ ವೀಲ್ ಮೈತುಂಬ ಸಣ್ಣ ಸಣ್ಣ ರಂಧ್ರ ಇರುತ್ತದೆ. ನಿಂತಲ್ಲೇ ನೀರಲ್ಲಿ ಬಿಟ್ಟರೆ ತಳ ನೀರು ಕುಡಿದು ಭಾರವಾಗುತ್ತದೆ. ಮುರಿದ ತುಂಡುಗಳಲ್ಲಿ ಒಂದು ಪೂರ್ತಿ ನೆಂದಿತ್ತು, ಉಳಿದವು ಒಣಗಿದ್ದವು. ಮೇಜು ನಡುಗಿದ್ದು ಸುಮ್ನೆ ಅಲ್ಲ. ನೀರು ಬಿಡುವುದು ವೀಲ್ ತಿರುಗಲು ಶುರುವಾದ ಮೇಲೆ. ಕೆಲಸ ಮುಗಿದಾಗ ಮೊದಲು ನೀರು ನಿಲ್ಲಿಸಿ, ವೀಲನ್ನು ಇನ್ನೊಂದಿಷ್ಟು ಹೊತ್ತು ಖಾಲಿ ತಿರುಗಿಸಿ ನೀರು ಹಾರಿಸಿ, ಆಮೇಲೆ ಆಫ್ ಮಾಡಬೇಕು.

ಇನ್ನು ವೇಗ. ಮೋಟರ್ 1440 ಆರ್‌ಪಿಎಂದು, ಸರಿಯೇ. ಆದರೆ ಮೋಟರಿನ ಪುಲ್ಲಿ ವೀಲ್ ಕೂತಿರುವ ಶಾಫ್ಟಿನ ಪುಲ್ಲಿಗಿಂತ ಎರಡು ಪಟ್ಟು ದೊಡ್ಡದು. ಹಾಗಾಗಿ ಶಾಫ್ಟ್ ಓಡುವುದು 2880ರ ಹತ್ತಿರ. 200 ಮಿ.ಮೀ. ವೀಲ್ 1440ರಲ್ಲಿ ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 15 ಮೀಟರ್, ಈ ಲೆಕ್ಕದಲ್ಲಿ 30. ವೇಗ ಎರಡು ಪಟ್ಟಾದರೆ ವೀಲನ್ನು ಸೀಳುವ ಎಳೆತ ನಾಲ್ಕು ಪಟ್ಟು. ಗಟ್ಟಿ ವೀಲ್ ತಡೆಯುತ್ತಿತ್ತೋ ಏನೋ, ಲೇಬಲ್ಲೇ ಇಲ್ಲದ ಮೇಲೆ ಯಾರನ್ನು ಕೇಳುವುದು? ಮೆಷಿನ್ ನೋಡಲು ಹೋದಾಗ ಮೋಟರ್ ಪ್ಲೇಟ್ ಮಾತ್ರ ಓದಬೇಡಿ, ಎರಡೂ ಪುಲ್ಲಿಗೆ ಟೇಪ್ ಹಿಡಿದು ಅಳೆಯಿರಿ.

ಸಿಡಿದ ವೀಲ್ ಬಿಳಿ ಬಣ್ಣದ್ದು, ಅಂದರೆ ಅಲ್ಯುಮಿನಿಯಂ ಆಕ್ಸೈಡ್. ಅದು ಉಕ್ಕಿನ ಉಪಕರಣ ಹರಿತ ಮಾಡಲು ಇರುವುದು. ಕಲ್ಲಿಗೆ ಬೇಕಾದದ್ದು ಸಿಲಿಕಾನ್ ಕಾರ್ಬೈಡ್, ಹಸಿರು ಅಥವಾ ಕಪ್ಪು. ಲೇಬಲ್ "ಜಿಸಿ 80 ಕೆ" ಅಂತ ಶುರುವಾದರೆ ಜಿಸಿ ಅಂದರೆ ಹಸಿರು ಕಾರ್ಬೈಡ್, 80 ಗ್ರಿಟ್ (ಕಣದ ಅಳತೆ), ಕೆ ಅನ್ನುವುದು ಬಾಂಡ್ ಕಣಗಳನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಅಂತ. ಎ ಕಡೆಗೆ ಹೋದಷ್ಟೂ ಮೆದು, ಝಡ್ ಕಡೆಗೆ ಗಟ್ಟಿ. ಅಗೇಟ್‌ನಂಥ ಗಟ್ಟಿ ಕಲ್ಲಿಗೆ ಗಟ್ಟಿ ವೀಲ್ ಕೊಡುವ ಅಂಗಡಿಯವರೂ ಇದ್ದಾರೆ. ಆಗಬೇಕಾದ್ದು ಉಲ್ಟಾ. ಮೊಂಡಾದ ಕಣ ಉದುರಿದರೆ ತಾನೇ ಹೊಸ ಕಣ ಹೊರಗೆ ಬರುವುದು? ವೀಲ್ ಅತಿ ಗಟ್ಟಿಯಿದ್ದರೆ ಮೈ ನುಣ್ಣಗಾಗಿ ಹೊಳೆಯುತ್ತದೆ, ಕಲ್ಲು ಕಾಯುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಲೋಹದ ಮೈಗೆ ವಜ್ರದ ಪುಡಿ ಹಿಡಿಸಿದ ವೀಲ್ ಆದರೆ ಹೀಗೆ ಸಿಡಿಯುವ ಜಾತಿಯಲ್ಲ. ಹಳೆಯದು ಕೊಳ್ಳುವಾಗ ಬೆರಳಾಡಿಸಿ ನೋಡಿ, ನಡುವೆ ಪಟ್ಟಿಯ ಹಾಗೆ ನುಣುಪಿದ್ದರೆ ವಜ್ರ ಮುಗಿದಿದೆ ಅಂತಲೇ.

ಮಾರಿದವರಿಗೆ ಫೋನ್ ಮಾಡಿದರೆ "ಬೇರೆ ವೀಲ್ ಫ್ರೀಯಾಗಿ ಕೊಡ್ತೀವಿ" ಅಂದರು. ಕಳಿಸಿದ್ದಕ್ಕೂ ಲೇಬಲ್ ಇರಲಿಲ್ಲ, ವಾಪಸ್ ಮಾಡಿದೆ. ಬಲಗಡೆಯ ನಯವಾದ ವೀಲನ್ನೂ ಬಿಚ್ಚಿ, ಚೆನ್ನಾಗಿ ಒಣಗಿಸಿ, ತೂತಿಗೆ ಬೆರಳು ಹಾಕಿ ತೂಗುಬಿಟ್ಟು ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ಬಿರುಕಿಲ್ಲದ ಒಳ್ಳೆ ವೀಲ್ ಖಣ್ ಅನ್ನಬೇಕು. ಒದ್ದೆ ಇದ್ದರೆ ಈ ಪರೀಕ್ಷೆ ನಡೆಯುವುದಿಲ್ಲ, ಅಂಟಿನ ಬಾಂಡ್ ಇರುವ ವೀಲ್ ಕೂಡ ಅಷ್ಟು ಮೊಳಗುವುದಿಲ್ಲ. ಇದು ಸುಟ್ಟ ಮಣ್ಣಿನ ಬಾಂಡ್, ಪೂರ್ತಿ ಒಣಗಿತ್ತು, ಆದರೂ ಸುತ್ತ ಎಲ್ಲಿ ತಟ್ಟಿದರೂ ದಬ್ ದಬ್. ಸುತ್ತಿಗೆ ತಗೊಂಡು ಒಡೆದು ಚೂರು ಮಾಡಿಯೇ ಕಸಕ್ಕೆ ಹಾಕಿದೆ, ಇಡಿಯಾಗಿ ಬಿಸಾಡಿದರೆ ಯಾರಾದರೂ ಎತ್ತಿಕೊಂಡು ಹೋಗಿ ಮತ್ತೆ ಕೂರಿಸುತ್ತಾರೆ.