ಕೀಲಿ ಕೊಡುವ ಎಚ್‌ಎಂಟಿ ಜನತಾ: ಐವತ್ತರ ನಂತರದ ಬಳಕೆ

1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿಯ 'ಜನತಾ' ಗಡಿಯಾರವನ್ನು, ತಂದೆಯವರ ಕಾಲಾನಂತರ ನಾನು ನಿತ್ಯವೂ ಕಟ್ಟುತ್ತಿದ್ದೇನೆ. ಅದರ ಅಂಕಿಗಳು ಕನ್ನಡಕವಿಲ್ಲದೆಯೂ ಸ್ಪಷ್ಟವಾಗಿ ಕಾಣುತ್ತವೆ. ಕರಾರುವಾಕ್ಕಾದ ಸಮಯವೇ ಮುಖ್ಯವೆನ್ನುವವರಿಗೆ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಸ್ ಗಡಿಯಾರವೇ ಮೇಲು.

ವಯಸ್ಸಾದಂತೆ ವರ್ಷಗಳು ಬೇಗ ಬೇಗ ಸರಿದುಹೋಗುವಂತೆ ಅನ್ನಿಸುವುದೇಕೆ? ಹತ್ತರ ಮಗುವಿಗೆ ಒಂದು ವರ್ಷವೆಂದರೆ ಬಾಳಿನ ಹತ್ತನೆಯ ಒಂದು ಪಾಲು, ಐವತ್ತರವರಿಗೆ ಐವತ್ತನೆಯ ಒಂದು ಪಾಲು ಎಂದು ಫ್ರಾನ್ಸಿನ ತತ್ತ್ವಜ್ಞಾನಿ ಪಾಲ್ ಜಾನೆ 1877ರಲ್ಲಿ ವಿವರಿಸಿದ್ದರು. ಆದರೆ ಹೊಸ ಅನುಭವಗಳು ಕಡಿಮೆಯಾದಂತೆ ನೆನಪಿನಲ್ಲಿ ವರ್ಷಗಳು ಕುಗ್ಗುತ್ತವೆ ಎಂಬ ವಿವರಣೆಯೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಬಾಲ್ಯದ ಬೇಸಿಗೆ ರಜೆ ಎಷ್ಟು ದೀರ್ಘವಾಗಿತ್ತು! ಈಗ ಯುಗಾದಿಯ ಬೆನ್ನಿಗೇ ದೀಪಾವಳಿ ಬಂದುಬಿಡುತ್ತದೆ. ಬ್ಯಾಟರಿಯಿಲ್ಲದ ಈ ಗಡಿಯಾರಕ್ಕೆ ಪ್ರತಿ ಬೆಳಗ್ಗೆ ಕೀಲಿ ಕೊಡುವಾಗ, ಬೆರಳಿಗೆ ತಾಕುವ ಆ ಬಿಗುವಿನಲ್ಲಿ, ಇಂದಿನ ದಿನ ನಿನ್ನೆಯಿಂದ ಬೇರೆಯಾಗಿ ನಿಲ್ಲುತ್ತದೆ.