ಲೆಕ್ಕದ ಪ್ರೋಗ್ರಾಂ ಚೆನ್ನಾಗಿದೆ, ಕೈಪಿಡಿ ಮಾತ್ರ ನೋಡಿಕೊಂಡು ಓದಿ

ಶಿವಮೊಗ್ಗದ ಎಪಿಎಂಸಿ ಯಾರ್ಡ್‌ನ ಅಡಿಕೆ ಮಂಡಿಯೊಂದರಲ್ಲಿ ಒಂಬತ್ತು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಹೋದ ವರ್ಷ ಮಾಲೀಕರು ಹೊಸ ಪ್ರೋಗ್ರಾಂ ಹಾಕಿಸಿದರು. ಹೆಸರು ಹಾಕುತ್ತಿಲ್ಲ, ಯಾರ್ಡ್‌ನವರಿಗೆ ಗೊತ್ತಿರುತ್ತದೆ. ಅಡಿಕೆಯನ್ನು ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಬಗೆಗಳಾಗಿ ಬೇರೆ ಬೇರೆ ಮಾಡಿ ಮೊತ್ತ ತೆಗೆಯಲು ಮೊದಲು ಸಂಜೆ ಪೂರ್ತಿ ಹಿಡಿಯುತ್ತಿತ್ತು. ಈಗ ಬಗೆವಾರು ಗುಂಪು ಮಾಡುವ 'ಗ್ರೂಪ್ ಬೈ' ಸಾಲು ಬರೆದರೆ ಚಹಾ ಬರುವುದರೊಳಗೆ ಕೆಲಸ ಮುಗಿದಿರುತ್ತದೆ.

ತೊಂದರೆ ಇರುವುದು ಜೊತೆಗೆ ಕೊಟ್ಟ ಕೈಪಿಡಿಯಲ್ಲಿ. ಸರಾಸರಿ ತೆಗೆಯುವ 'ಆವರೇಜ್' ಖಾಲಿ ಜಾಗವನ್ನು ಸೊನ್ನೆ ಎಂದು ಹಿಡಿಯುತ್ತದೆ ಅಂತ ಬರೆದಿದ್ದರು. ತಪ್ಪು. ಒಂದು ದಿನ ರಾಶಿಯ ಐದು ಲಾಟ್ ಬಂದಿತ್ತು. ಮೂರಕ್ಕೆ ಕ್ವಿಂಟಾಲಿಗೆ 48,200, 47,800, 48,000 ಧಾರಣೆ ಸಿಕ್ಕಿತು. ಬಂದ ಬೆಲೆಗೆ ರೈತರು ಒಪ್ಪದೆ ಎರಡು ಲಾಟ್ ಉಳಿದವು, ಅವುಗಳ ಧಾರಣೆ ಖಾಲಿ. ಪ್ರೋಗ್ರಾಂ ಸರಾಸರಿ 48,000 ಎಂದು ತೋರಿಸಿತು. ಅದೇ ಸರಿ. ಈ ಸಾಲುಗಳನ್ನು ಬರೆಯುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಖಾಲಿ ಜಾಗ ಎಂದರೆ 'ನಲ್', ಸೊನ್ನೆಯಲ್ಲ. ಸರಾಸರಿ ತೆಗೆಯುವಾಗ ಅದನ್ನು ಬಿಟ್ಟೇ ಭಾಗಿಸುತ್ತದೆ. ಆದರೆ ಹೊಸದಾಗಿ ಸೇರಿದ ಹುಡುಗಿ ಕೈಪಿಡಿ ನಂಬಿ, ತಾನೇ ಐದರಿಂದ ಭಾಗಿಸಿ, ಬೋರ್ಡಿನ ಮೇಲೆ 28,800 ಎಂದು ಬರೆದಳು. ಹೊಸನಗರದ ಕಡೆಯ ರೈತರೊಬ್ಬರು ಅದನ್ನು ನೋಡಿ, "ಏನಮ್ಮಾ, ಒಂದೇ ದಿನಕ್ಕೆ ಇಷ್ಟು ಇಳೀತಾ?" ಎನ್ನುತ್ತ ಬೆಂಚಿನ ಮೇಲೆ ಕುಸಿದು ಕೂತರು. ಆ ಮುಖ ನೋಡಿದ ಮೇಲೆ ಸುಮ್ಮನಿರಲು ನನಗೆ ಆಗಲಿಲ್ಲ.

ರಾತ್ರಿ ಕೂತು ಪೂರ್ತಿ ಓದಿದೆ. ಇನ್ನೆರಡು ಸಿಕ್ಕವು. ಎಣಿಸುವ 'ಕೌಂಟ್'ಗೆ ನಕ್ಷತ್ರ (*) ಹಾಕಿದರೂ ಧಾರಣೆ ಎಂದು ಹಾಕಿದರೂ ಒಂದೇ ಅಂತ ಇತ್ತು. ನಮ್ಮ ಲಾಟ್‌ಗಳಿಗೆ ಮೊದಲನೆಯದು ಎಲ್ಲ ಸಾಲನ್ನೂ ಎಣಿಸಿ 5 ಕೊಡುತ್ತದೆ, ಎರಡನೆಯದು ಧಾರಣೆ ಇರುವುದನ್ನಷ್ಟೇ ಎಣಿಸಿ 3. ಸರಾಸರಿ 45,000 ದಾಟಿದ ಬಗೆಗಳನ್ನು ಆರಿಸುವ ಉದಾಹರಣೆಯಲ್ಲಿ 'ಹ್ಯಾವಿಂಗ್' ಬದಲು 'ವೇರ್' ಇದೆ. ವೇರ್ ಗುಂಪು ಮಾಡುವ ಮೊದಲೇ ಸಾಲುಗಳನ್ನು ಸೋಸುತ್ತದೆ, ಆಗ ಸರಾಸರಿ ಎಲ್ಲಿಂದ ಬರಬೇಕು? ಎರರ್ ಬರುತ್ತದೆ ಅಷ್ಟೇ. ಗುಂಪು ಮಾಡಿದ ಮೇಲೆ ಸೋಸುವುದು ಹ್ಯಾವಿಂಗ್.

ತೂಕದ ಅಧ್ಯಾಯ ಮಾತ್ರ ಬಹಳ ಚೆನ್ನಾಗಿದೆ. ಎರಡು ಚೀಲದ ಲಾಟನ್ನೂ ನಲವತ್ತು ಚೀಲದ ಲಾಟನ್ನೂ ಆವರೇಜ್ ಸಮಾನವಾಗಿ ನೋಡುತ್ತದೆ, ಆದ್ದರಿಂದ ಧಾರಣೆಯನ್ನು ಕ್ವಿಂಟಾಲಿನಿಂದ ಗುಣಿಸಿ ಕೂಡಿಸಿ, ಒಟ್ಟು ಕ್ವಿಂಟಾಲಿನಿಂದ ಭಾಗಿಸಿ ಎಂದು ಬಿಡಿಸಿ ಹೇಳಿದ್ದಾರೆ.

ಪುಟಸಂಖ್ಯೆ ಹಾಕಿ, ಸರಿಯಾದ ಸಾಲು ಬರೆದು, ಐದು ಲಾಟಿನ ಲೆಕ್ಕವನ್ನೂ ಸೇರಿಸಿ ಕೈಪಿಡಿ ಬರೆದವರಿಗೆ ಕಳಿಸಿದೆ. ಮೂರನೇ ದಿನ ಫೋನ್ ಬಂತು. ಆವರೇಜ್, ಕೌಂಟ್ ಎರಡನ್ನೂ ತಿದ್ದಿದ್ದಾರೆ, ನಮ್ಮ ಲಾಟಿನ ಉದಾಹರಣೆಯನ್ನೇ ಬಳಸಿದ್ದಾರೆ. ನಾಲ್ಕು ಸ್ಟಾರ್ ಕೊಟ್ಟಿದ್ದು ಅದಕ್ಕೇ. ಹ್ಯಾವಿಂಗ್ ತಪ್ಪು ಇನ್ನೂ ಹಾಗೇ ಇದೆ. ಮಂಡಿಯ ಪ್ರತಿಯಲ್ಲಿ ವೇರ್ ಹೊಡೆದು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ. ನಿಮ್ಮಲ್ಲೂ ಈ ಕೈಪಿಡಿ ಇದ್ದರೆ ಬರೆದುಕೊಳ್ಳಿ.